ಬುಗುರಿಯ ದಾರ ಯಾರ ಕೈಯಲ್ಲಿತ್ತು?

ಚನ್ನಪಟ್ಟಣದ ಬೊಂಬೆ ಅಂಗಡಿಗಳಲ್ಲಿ ಸಿಗುವ ಬುಗುರಿಯೊಂದಿದೆ. ನಾವು ಚಿಕ್ಕವರಿದ್ದಾಗ ಬೀದಿಯಲ್ಲಿ ಚಾಟಿ ಸುತ್ತಿ ನೆಲಕ್ಕೆ ಬೀಸಿ ಎಸೆಯುತ್ತಿದ್ದ ಮೊಳೆಯ ಬುಗುರಿ ಅಲ್ಲ ಇದು. ಇದಕ್ಕೆ ಮೂರು ಭಾಗಗಳು. ಚಪ್ಪಟೆ ಹೊಟ್ಟೆಯ, ಮೇಲೆ ಉದ್ದನೆಯ ಕಡ್ಡಿಯಿರುವ ಬುಗುರಿ ಒಂದು. ಆ ಕಡ್ಡಿ ಒಳಗೆ ಕೂರುವಂತೆ ತೂತು ಕೊರೆದ ಹಿಡಿ ಇನ್ನೊಂದು. ಮೂರನೆಯದು ದಾರ. ಕಡ್ಡಿಯಲ್ಲಿ ಸೂಜಿಯಷ್ಟು ಸಣ್ಣ ರಂಧ್ರವಿರುತ್ತದೆ. ದಾರದ ತುದಿಯನ್ನು ಅದರಲ್ಲಿ ಪೋಣಿಸಿ, ಸುತ್ತಿ, ಹಿಡಿಯೊಳಗೆ ಕೂರಿಸಿ, ನೆಲದ ಮೇಲೆ ನೇರ ಹಿಡಿದು ದಾರವನ್ನು ಒಮ್ಮೆಲೇ ಎಳೆದರೆ ಬುಗುರಿ ಕೆಳಗಿಳಿದು ತಿರುಗುತ್ತದೆ. ನಾಲ್ಕು ವರ್ಷದ ಮಗುವೂ ಒಂದೆರಡು ಸಲ ತಪ್ಪಿ ಮೂರನೆಯ ಸಲಕ್ಕೆ ಗೆಲ್ಲುತ್ತದೆ. ಚಾಟಿ ಬುಗುರಿ ಕಲಿಯಲು ನಮಗೆ ಒಂದು ಬೇಸಿಗೆ ರಜೆ ಪೂರ್ತಿ ಬೇಕಾಗಿತ್ತು.

ಅಂಥದೊಂದು ಬುಗುರಿಯ ಡಬ್ಬಿಯೊಳಗೆ ಅಂಗಡಿಯವರು ಸಣ್ಣ ಚೀಟಿ ಇಟ್ಟಿದ್ದರು. ಟಿಪ್ಪು ಸುಲ್ತಾನ್ ಪರ್ಷಿಯಾದಿಂದ ಕುಶಲಕರ್ಮಿಗಳನ್ನು ಕರೆಸಿ ಇಲ್ಲಿನವರಿಗೆ ಈ ಕಲೆ ಕಲಿಸಿದ ಎಂಬುದು ಅದರ ಸಾರಾಂಶ. ಇದು ಹೊಸ ಮಾತಲ್ಲ. ಪ್ರವಾಸಿ ಕೈಪಿಡಿಗಳಲ್ಲಿ, ಪತ್ರಿಕೆಗಳಲ್ಲಿ, ಸರಕಾರಿ ಪ್ರಕಟಣೆಗಳಲ್ಲಿ ಇದೇ ವಾಕ್ಯ ಸ್ವಲ್ಪ ಹಿಂದುಮುಂದಾಗಿ ಬರುತ್ತದೆ. ಮುಸ್ಲಿಂ ಓದುಗರಾದ ನಮಗೆ ಈ ವಾಕ್ಯ ಕಂಡಾಗ ಒಳಗೊಳಗೇ ಸಂತೋಷವಾಗುತ್ತದೆ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಕತ್ತಿ, ಯುದ್ಧ, ಮತಾಂತರ ಎಂದಷ್ಟೇ ಟಿಪ್ಪುವಿನ ಹೆಸರೆತ್ತುವ ಕಾಲದಲ್ಲಿ ಮಕ್ಕಳ ಆಟಿಕೆಯ ಜೊತೆ ಆತನ ಹೆಸರು ಬಂದರೆ ಯಾರಿಗೆ ತಾನೇ ಹಿತವಾಗದು? ಆದರೆ ಹಿತವಾದ ಕಥೆಯನ್ನೂ ಒಮ್ಮೆ ತಿರುಗಿಸಿ ನೋಡಬೇಕು. ಈ ಕಥೆಯಲ್ಲಿ ರಾಜನಿದ್ದಾನೆ, ದೂರದ ದೇಶವಿದೆ. ಬುಗುರಿ ಮಾಡಿದವರು ಎಲ್ಲಿದ್ದಾರೆ?

ಅವರನ್ನು ಹುಡುಕಲು ಬುಗುರಿಯನ್ನೇ ನೋಡಬೇಕೆಂದು ನಮಗನಿಸಿತು. ದಾಖಲೆಗಳನ್ನು ಆಮೇಲೆ ನೋಡೋಣ.

ಬುಗುರಿಯ ವಿನ್ಯಾಸ ನೋಡಲು ಸರಳ. ನಿಜವಾಗಿ ಅದರಲ್ಲಿ ಪ್ರತಿ ಅಂಗುಲಕ್ಕೂ ಒಂದು ತೀರ್ಮಾನವಿದೆ. ಮೊದಲು ಕಡ್ಡಿಯನ್ನು ತೆಗೆದುಕೊಳ್ಳಿ. ಆರು ಮಿಲಿಮೀಟರ್ ದಪ್ಪದ ಕಡ್ಡಿಗೆ ಒಂದು ಮೀಟರ್ ದಾರವನ್ನು ಸುಮಾರು 53 ಸುತ್ತು ಸುತ್ತಬಹುದು. ಕಡ್ಡಿ ಹನ್ನೆರಡು ಮಿಲಿಮೀಟರ್ ಆದರೆ ಸುತ್ತು 26ಕ್ಕೆ ಇಳಿಯುತ್ತದೆ. ನಮ್ಮ ಕೈ ದಾರವನ್ನು ಎಳೆಯುವ ವೇಗಕ್ಕೆ ಒಂದು ಮಿತಿಯಿದೆ. ಅದೇ ವೇಗದ ಎಳೆತಕ್ಕೆ ತೆಳ್ಳನೆಯ ಕಡ್ಡಿ ದಪ್ಪ ಕಡ್ಡಿಗಿಂತ ಎರಡು ಪಟ್ಟು ಬೇಗ ತಿರುಗುತ್ತದೆ. ಹಾಗಾದರೆ ಕಡ್ಡಿಯನ್ನು ತೆಳ್ಳಗೆ, ಇನ್ನೂ ತೆಳ್ಳಗೆ ಮಾಡುತ್ತಾ ಹೋಗಬಹುದಲ್ಲ? ಹಾಗೆ ಮಾಡಿದರೆ ಎಳೆತದ ಜಗ್ಗಿಗೆ ಕಡ್ಡಿ ರಂಧ್ರದ ಬಳಿಯೇ ಮುರಿಯುತ್ತದೆ. ಬುಗುರಿ ಭಾರವಾಗಿದ್ದರಂತೂ ತೆಳ್ಳನೆಯ ಕಡ್ಡಿಯಿಂದ ಅದನ್ನು ಕದಲಿಸಲು ಮಗುವಿನ ತೋಳಿನ ಬಲ ಸಾಲದು. ಆದ್ದರಿಂದ ಕಡ್ಡಿಯ ದಪ್ಪ, ಹೊಟ್ಟೆಯ ತೂಕ, ಆಡುವವರ ವಯಸ್ಸು ಮೂರನ್ನೂ ಒಟ್ಟಿಗೆ ಲೆಕ್ಕ ಹಾಕಬೇಕು. ಕಸುಬುದಾರರು ಇದನ್ನು ಕಾಗದದ ಮೇಲೆ ಲೆಕ್ಕ ಹಾಕುವುದಿಲ್ಲ. ಒಂದು ಕಡೆದು, ಎಳೆದು ನೋಡಿ, ಉಳಿಯನ್ನು ಇನ್ನೊಮ್ಮೆ ತಾಗಿಸುತ್ತಾರೆ.

ಹೊಟ್ಟೆಯ ವಿಷಯವೂ ಹೀಗೆಯೇ. ಒಂದೇ ತೂಕದ ಮರವನ್ನು ನಡುವಿನಲ್ಲಿ ಗುಡ್ಡೆ ಹಾಕಿದರೆ ಬುಗುರಿ ಬೇಗ ತಿರುಗಿ ಬೇಗ ನಿಲ್ಲುತ್ತದೆ. ಅದನ್ನೇ ಅಂಚಿಗೆ ಸರಿಸಿದರೆ ತಿರುಗಿಸುವುದು ಕಷ್ಟ, ನಿಲ್ಲಿಸುವುದೂ ಕಷ್ಟ. ಚಪ್ಪಟೆ ಬುಗುರಿಯ ದಪ್ಪವನ್ನು ಹಾಗೇ ಇಟ್ಟು ಅಗಲವನ್ನು ಎರಡು ಪಟ್ಟು ಮಾಡಿದರೆ ತಿರುಗುವಿಕೆಗೆ ಅದು ಒಡ್ಡುವ ಜಡತೆ ಎರಡಲ್ಲ, ಹದಿನಾರು ಪಟ್ಟು ಹೆಚ್ಚುತ್ತದೆ. ಇದು ಶಾಲೆಯ ಭೌತಶಾಸ್ತ್ರ. ಕಡೆಯುವವರು ಅದನ್ನು ತೋಳಿನ ನೋವಿನಿಂದ ತಿಳಿದಿರುತ್ತಾರೆ. ಭಾರ ಕೆಳಗಿರಬೇಕು, ನೆಲಕ್ಕೆ ಹತ್ತಿರವಿರಬೇಕು. ಹಾಗೆಂದು ತೀರಾ ಕೆಳಗಿಳಿಸಿದರೆ ಸ್ವಲ್ಪ ಓಲಿದರೂ ಅಂಚು ನೆಲಕ್ಕೆ ಬಡಿದು ಬುಗುರಿ ಚಿಮ್ಮುತ್ತದೆ.

ಕೆಳತುದಿಗೆ ಚಾಟಿ ಬುಗುರಿಯಂತೆ ಕಬ್ಬಿಣದ ಮೊಳೆ ಹೊಡೆಯುವುದಿಲ್ಲ. ಅದೇ ಮರವನ್ನು ಗುಂಡಗೆ ಕಡೆದು ಬಿಡುತ್ತಾರೆ. ಮೊಳೆ ಮನೆಯ ನೆಲವನ್ನು ಕೆರೆಯುತ್ತದೆ, ಮಗುವಿನ ಕಾಲಿಗೂ ಅಪಾಯ ಎಂಬುದು ಒಂದು ಕಾರಣ. ಇನ್ನೊಂದು ಕಾರಣ ಹೆಚ್ಚು ಸೊಗಸಾಗಿದೆ. ಗುಂಡನೆಯ ತುದಿಯ ಬುಗುರಿ ಓರೆಯಾಗಿ ಬಿದ್ದರೂ ನೆಲದ ಘರ್ಷಣೆ ಅದನ್ನು ನಿಧಾನವಾಗಿ ನೆಟ್ಟಗೆ ನಿಲ್ಲಿಸುತ್ತದೆ. ಎಳೆಯುವವರ ಕೈ ಸ್ವಲ್ಪ ತಪ್ಪಿದರೂ ಆಟಿಕೆ ಆ ತಪ್ಪನ್ನು ತಿದ್ದಿಕೊಳ್ಳುತ್ತದೆ.

ಇನ್ನು ಹಿಡಿ. ದಾರವನ್ನು ಪಕ್ಕಕ್ಕೆ ಎಳೆದರೆ ಬುಗುರಿಯೂ ಪಕ್ಕಕ್ಕೆ ವಾಲಬೇಕು. ಆ ಜಗ್ಗನ್ನು ತಾನು ತಾಳಿಕೊಂಡು ಬುಗುರಿಗೆ ತಿರುಗುವಿಕೆಯನ್ನಷ್ಟೇ ಬಿಟ್ಟುಕೊಡುವುದು ಹಿಡಿಯ ಕೆಲಸ. ತೂತು ಬಿಗಿಯಾದರೆ ಕಡ್ಡಿ ಸಿಕ್ಕಿಕೊಳ್ಳುತ್ತದೆ. ಸಡಿಲವಾದರೆ ಗಡಗಡ ಅಲುಗಿ ಅರ್ಧ ಬಲ ಅಲ್ಲೇ ಪೋಲಾಗುತ್ತದೆ. ಉಜ್ಜಿದ ಬಿಸಿಗೆ ಅರಗು ಮೆತ್ತಗಾಗುವುದರಿಂದ ತೂತಿನೊಳಗಿರುವ ಕಡ್ಡಿಯ ಭಾಗಕ್ಕೆ ಬಣ್ಣ ಹಚ್ಚದೆ ಬರೀ ಮರವನ್ನೇ ಬಿಡುವುದು ಜಾಣತನ. ದಾರದ ತುದಿಯನ್ನು ಪೋಣಿಸುತ್ತಾರೆಯೇ ಹೊರತು ಗಂಟು ಹಾಕುವುದಿಲ್ಲ. ಗಂಟು ಹಾಕಿದರೆ ಕೊನೆಯ ಸುತ್ತು ಬಿಚ್ಚಿದ ಮೇಲೆ ದಾರ ಮತ್ತೆ ಉಲ್ಟಾ ಸುತ್ತಿಕೊಂಡು ಬುಗುರಿಯನ್ನು ಎಳೆದು ಬೀಳಿಸುತ್ತದೆ. ದಾರ ಎಲ್ಲವನ್ನೂ ಕೊಟ್ಟು, ಸರಿಯಾದ ಹೊತ್ತಿಗೆ ಬಿಟ್ಟುಹೋಗಬೇಕು.

ಬಣ್ಣದ ಬಗ್ಗೆ ಒಂದು ಮಾತು. ಬುಗುರಿಯ ಮೇಲೆ ಕೆಂಪು, ಹಳದಿ, ಹಸಿರು ಬಳೆಗಳಂತೆ ಗೆರೆಗಳಿರುತ್ತವೆ. ಅರಗಿಗೆ ಬಣ್ಣ ಬೆರೆಸಿ ಮಾಡಿದ ಕಡ್ಡಿಯನ್ನು ತಿರುಗುತ್ತಿರುವ ಮರಕ್ಕೆ ಒತ್ತಿ ಹಿಡಿಯುತ್ತಾರೆ. ಘರ್ಷಣೆಯ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟುತ್ತದೆ. ಆಮೇಲೆ ತಾಳೆಗರಿಯನ್ನು ಒತ್ತಿ ಅದನ್ನು ಸಮವಾಗಿ ಹರಡಿ ಮಿರುಗು ತರುತ್ತಾರೆ. ಕುಂಚ ಬೇಡ, ಒಣಗಿಸುವುದೂ ಬೇಡ. ಹೀಗೆ ಹಚ್ಚಿದ ಬಣ್ಣ ಬಳೆಯ ಆಕಾರದಲ್ಲೇ ಬರಬೇಕು, ಬೇರೆ ದಾರಿಯಿಲ್ಲ. ಬುಗುರಿ ತಿರುಗುವಾಗ ಆ ಬಳೆಗಳು ಕದಡುವುದೂ ಇಲ್ಲ, ನಿಂತಂತೆಯೇ ಕಾಣುತ್ತವೆ. ಕುಂಚದಿಂದ ಹೂವಿನ ಎಸಳು ಬರೆದರೆ ತಿರುಗಿದೊಡನೆ ಎಲ್ಲ ಬಣ್ಣಗಳೂ ಬೆರೆತು ಮಂಕಾಗುತ್ತವೆ. ತಿರುಗಿಸಿ ಬಳಿದ ಬಣ್ಣ ತಿರುಗುವಾಗಲೂ ಉಳಿಯುತ್ತದೆ ಎಂಬ ಈ ಸಂಗತಿ ನಮ್ಮನ್ನು ಬುಗುರಿಯಿಂದ ಅದನ್ನು ಹೆತ್ತ ಯಂತ್ರದ ಕಡೆಗೆ ಕರೆದೊಯ್ಯುತ್ತದೆ.

ಇಂದು ಚನ್ನಪಟ್ಟಣದಲ್ಲಿ ಹೆಚ್ಚಿನವರು ಬಳಸುವುದು ವಿದ್ಯುತ್ ಮೋಟಾರಿನ ಲೇತ್. ಅದಕ್ಕೂ ಮೊದಲಿನ ಕೈಯಂತ್ರವನ್ನು ಹಳಬರ ಮನೆಗಳಲ್ಲಿ, ಪ್ರದರ್ಶನಗಳಲ್ಲಿ ಈಗಲೂ ನೋಡಬಹುದು. ಎರಡು ಗೂಟಗಳ ನಡುವೆ ಮರದ ತುಂಡು. ಅದಕ್ಕೆ ಒಂದು ಸುತ್ತು ಸುತ್ತಿದ ದಾರ. ದಾರದ ಎರಡು ತುದಿಗಳು ಒಂದು ಕಮಾನಿಗೆ ಬಿಗಿದಿರುತ್ತವೆ. ಕಮಾನನ್ನು ಹಿಂದೆ ಮುಂದೆ ಆಡಿಸಿದರೆ ಮರ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ತಿರುಗುತ್ತದೆ. ಕಸುಬುದಾರ ನೆಲದ ಮೇಲೆ ಕುಳಿತು ಒಂದು ಕೈಯಲ್ಲಿ ಕಮಾನು, ಇನ್ನೊಂದು ಕೈಯಲ್ಲಿ ಉಳಿ ಹಿಡಿದು, ಉಳಿಗೆ ಕಾಲ್ಬೆರಳಿನ ಆಸರೆ ಕೊಡುತ್ತಾನೆ. ಉಳಿ ಕೊಯ್ಯುವುದು ಮರ ತನ್ನ ಕಡೆಗೆ ತಿರುಗುವಾಗ ಮಾತ್ರ. ಮರಳುವಾಗ ಅದನ್ನು ಕೂದಲಿನಷ್ಟು ಹಿಂದೆ ಸರಿಸಬೇಕು. ತುಂಡು ದೊಡ್ಡದಾದರೆ ಕಮಾನು ಸಾಲದು. ಆಗ ಇನ್ನೊಬ್ಬರು ಎದುರು ಕುಳಿತು ದಾರದ ಎರಡು ತುದಿಗಳನ್ನು ಎರಡು ಕೈಗಳಲ್ಲಿ ಹಿಡಿದು ಹೊತ್ತುಗಟ್ಟಲೆ ಎಳೆಯಬೇಕು.

ಅಂದರೆ ದಾರ ಎಳೆದರೆ ತಿರುಗುವ ಬುಗುರಿ ಹುಟ್ಟಿದ್ದೇ ದಾರ ಎಳೆದರೆ ತಿರುಗುವ ಯಂತ್ರದ ಮೇಲೆ. ಮರ ಯಂತ್ರದ ಗೂಟಗಳಿಂದ ಬಿಡಿಸಿಕೊಂಡು ನೆಲಕ್ಕಿಳಿದರೆ ಅದೇ ಬುಗುರಿ. ಮೋಟಾರು ಬಂದ ಮೇಲೆ ಕಾರ್ಖಾನೆಯಿಂದ ದಾರ ಮಾಯವಾಯಿತು. ಆಟಿಕೆಯಲ್ಲಿ ಮಾತ್ರ ಉಳಿಯಿತು.

ಕನ್ನಡದಲ್ಲಿ ಈ ಕೆಲಸಕ್ಕಿರುವ ಕ್ರಿಯಾಪದ ‘ಕಡೆ’. ಮರವನ್ನು ಕಡೆಯುತ್ತೇವೆ, ಮೊಸರನ್ನೂ ಕಡೆಯುತ್ತೇವೆ. ಕಂಬಕ್ಕೆ ಕಡಗೋಲನ್ನು ನಿಲ್ಲಿಸಿ, ಹಗ್ಗ ಸುತ್ತಿ, ಎರಡು ಕೈಗಳಿಂದ ಎಳೆದು ಬಿಡುತ್ತಿದ್ದ ನಮ್ಮ ಅಜ್ಜಿಯರಿಗೂ ಕಮಾನು ಆಡಿಸುವ ಕಸುಬುದಾರನಿಗೂ ಭಾಷೆ ಒಂದೇ ಪದ ಕೊಟ್ಟಿರುವುದು ಸುಮ್ಮನೆ ಅಲ್ಲ. ಮನೆಯಲ್ಲಿ ದಕ್ಖನಿ ಆಡುವ ನಾವು ಕಡೆಯುವವನನ್ನು ಖರಾದಿ ಎನ್ನುತ್ತೇವೆ. ಈ ಪದ ಅರಬ್ಬಿಯ ‘ಖರ್ರಾತ್’ ಎಂಬುದರಿಂದ ಪಾರಸಿಯ ಮೂಲಕ ಬಂದದ್ದು. ಹಾಗಾದರೆ ಪರ್ಷಿಯಾದ ಕಥೆಗೆ ಇದು ಸಾಕ್ಷಿಯಲ್ಲವೇ ಎಂದು ಕೇಳಬಹುದು. ಪದ ಪ್ರಯಾಣ ಮಾಡಿದೆ ಎಂಬುದಕ್ಕೆ ಸಾಕ್ಷಿ, ಅಷ್ಟೆ. ಉತ್ತರ ಹಿಂದೂಸ್ಥಾನದ ಖರಾದಿಗಳಿಗೂ ಅದೇ ಹೆಸರಿದೆ. ಹೊಯ್ಸಳರ ಗುಡಿಗಳ ನುಣುಪಾದ ಕಂಬಗಳನ್ನು ನೆನೆಯಿರಿ. ಬೇಲೂರಿನ ದೇವಾಲಯ 1117ರದು. ಆ ಬಳಪದ ಕಲ್ಲಿನ ಕಂಬಗಳನ್ನು ತಿರುಗಿಸಿ ಕಡೆದು ಮಾಡಿದ್ದಾರೆ. ಟಿಪ್ಪುವಿಗಿಂತ ಆರುನೂರು ವರ್ಷಕ್ಕೂ ಮೊದಲೇ ಕಲ್ಲನ್ನು ಕಡೆಯಬಲ್ಲ ನಾಡಿಗೆ ಮರ ಕಡೆಯುವುದನ್ನು ಹೊರಗಿನವರು ಬಂದು ಹೊಸದಾಗಿ ಕಲಿಸಬೇಕಾಗಿರಲಿಲ್ಲ.

ಅರಗಿನ ಬಣ್ಣದ ಬಗ್ಗೆಯೂ ಇದೇ ಮಾತು. ಆಂಧ್ರದ ವರಾಹ ನದಿಯ ದಂಡೆಯ ಏಟಿಕೊಪ್ಪಾಕದಲ್ಲಿ ಇಂಥವೇ ಬೊಂಬೆಗಳನ್ನು ಮಾಡುತ್ತಾರೆ. ಚನ್ನಪಟ್ಟಣದವರು ಬಳಸುವ ಹಾಲೆ ಮರವೇ ಅಲ್ಲಿಯೂ, ಅವರು ಅದನ್ನು ಅಂಕುಡು ಎನ್ನುತ್ತಾರೆ. ಅದೇ ಅರಗು, ಅದೇ ಕಡೆತ. ಬುಗುರಿಗೆ ಅಲ್ಲಿ ಬೊಂಗರಂ ಎಂಬ ಹೆಸರು. ಕೊಂಕಣದ ಸಾವಂತವಾಡಿಯಲ್ಲೂ, ಗಂಗೆಯ ದಂಡೆಯ ಬನಾರಸಿನಲ್ಲೂ ಅರಗಿನ ಮರಗೆಲಸದ ಪರಂಪರೆಯಿದೆ. ಅಲ್ಲೆಲ್ಲ ಟಿಪ್ಪು ಇರಲಿಲ್ಲ. ಹಾಲೆ ಮರ ಸಿಗುವ, ಅರಗಿನ ಹುಳು ಬದುಕುವ, ಕಮಾನು ಆಡಿಸಬಲ್ಲ ಕೈಗಳಿರುವ ಕಡೆ ಈ ಕಸುಬು ಬೆಳೆದಿದೆ. ಹಾಲೆ ಮರದ ಗುಣವೂ ದೊಡ್ಡದು. ಕಡಿದಾಗ ಹಾಲು ಸುರಿಸುವ ಈ ಮರ ಒಣಗಿದ ಮೇಲೆ ದಂತದಂತೆ ಬಿಳುಪು. ಎಳೆ ಒತ್ತಾಗಿ ಸಮನಾಗಿರುವುದರಿಂದ ಒಂದು ಬದಿ ಭಾರ, ಒಂದು ಬದಿ ಹಗುರ ಎಂಬ ತಂಟೆ ಕಡಿಮೆ. ಬುಗುರಿಗೆ ಇದಕ್ಕಿಂತ ಬೇರೆ ಏನು ಬೇಕು?

ಈಗ ದಾಖಲೆಗಳಿಗೆ ಬರೋಣ. ಟಿಪ್ಪುವಿನ ಕೈಗಾರಿಕಾ ಆಸಕ್ತಿ ಕಟ್ಟುಕಥೆಯಲ್ಲ. ರೇಷ್ಮೆಯ ವಿಷಯದಲ್ಲಿ ನಮಗೆ ಕಾಗದದ ಆಧಾರವೇ ಇದೆ. ರೇಷ್ಮೆ ಹುಳು ತರಲು ಬಂಗಾಳಕ್ಕೆ ಹೋಗಿದ್ದ ಬುರ್ಹಾನುದ್ದೀನ್ ಮತ್ತು ಕಸ್ತೂರಿ ರಂಗ ಎಂಬಿಬ್ಬರು ಮರಳಿ ಬರುತ್ತಿದ್ದಾರೆ, ಹುಳುಗಳನ್ನು ಇಡಲು ಸರಿಯಾದ ಜಾಗ ಸಿದ್ಧಮಾಡಿ ಎಂದು ಟಿಪ್ಪು 1786ರಲ್ಲಿ ಶ್ರೀರಂಗಪಟ್ಟಣದ ಅಧಿಕಾರಿಗೆ ಬರೆದ ಪತ್ರವನ್ನು ಕರ್ಕ್‌ಪ್ಯಾಟ್ರಿಕ್ 1811ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ. ಹೋದವರ ಹೆಸರಿದೆ, ಹೋದ ಕೆಲಸವಿದೆ. ಆ ಇಬ್ಬರ ಹೆಸರು ಜೊತೆಯಾಗಿರುವುದನ್ನು ಓದುಗರು ಗಮನಿಸದೆ ಇರಲಾರರು. ಬೊಂಬೆಯ ಕಥೆಗಾದರೋ ಇರುವ ಬೆಂಬಲ ಬಾಯಿಮಾತಿನದು. ಬಾಯಿಮಾತನ್ನು ನಾವು ಕೀಳೆಂದು ತಳ್ಳುವುದಿಲ್ಲ. ಕಸುಬುದಾರರು ತಮ್ಮ ಮೂಲವನ್ನು ಒಬ್ಬ ರಾಜನ ಜೊತೆ ಜೋಡಿಸಿಕೊಳ್ಳುವುದರ ಹಿಂದೆ ಯಾವುದೋ ಆಶ್ರಯದ ನೆನಪಿರಬಹುದು. ಚನ್ನಪಟ್ಟಣಕ್ಕೂ ಟಿಪ್ಪುವಿನ ಆಸ್ಥಾನಕ್ಕೂ ನಂಟಿದ್ದುದು ಖಚಿತ. ಆತನ ಗುರುಗಳಾಗಿದ್ದ ಅಖಿಲ್ ಷಾ ಖಾದ್ರಿಯವರ ಗೋರಿ ಇರುವುದು ಈ ಊರಿನಲ್ಲೇ. ಹಾಗಿದ್ದರೂ ನಂಟು ಬೇರೆ, ಕಸುಬಿನ ಹುಟ್ಟು ಬೇರೆ.

ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಈ ಊರಿನ ಮೂಲಕ ಹಾದುಹೋದ. ಸಂಗೀತ ವಾದ್ಯಗಳಿಗೆ ಇಲ್ಲಿ ತಯಾರಾಗುತ್ತಿದ್ದ ಉಕ್ಕಿನ ತಂತಿ ದೂರದೂರದವರೆಗೆ ಹೆಸರಾಗಿದ್ದನ್ನು ಆತ ಬರೆದಿಟ್ಟ. ಮುಂದೆ ಬ್ರಿಟಿಷ್ ಕಾಲದ ಗೆಜೆಟಿಯರುಗಳು ಚನ್ನಪಟ್ಟಣವನ್ನು ಅರಗಿನ ಸಾಮಾನು, ಬೊಂಬೆ, ವಾದ್ಯದ ತಂತಿ, ಗಾಜಿನ ಬಳೆ ಇವುಗಳಿಗೆ ಪ್ರಸಿದ್ಧವಾದ ಊರೆಂದು ಒಟ್ಟಿಗೇ ಹೇಳುತ್ತವೆ. ಪಟ್ಟಣದ ಶುಕ್ರವಾರಪೇಟೆಯಲ್ಲಿ ಲಬ್ಬೆ ಮತ್ತು ದಾಯಿರಾ ಪಂಗಡಗಳ ಮುಸ್ಲಿಮರು ದೊಡ್ಡ ಸಂಖ್ಯೆಯಲ್ಲಿದ್ದು ಪಶ್ಚಿಮ ಕರಾವಳಿಯ ಜೊತೆ ವ್ಯಾಪಾರ ನಡೆಸುತ್ತಾರೆಂದೂ ಅವೇ ಪುಟಗಳಲ್ಲಿ ಇದೆ. ಈ ಚಿತ್ರ ನಮಗೆ ಪರ್ಷಿಯಾದ ಚಿತ್ರಕ್ಕಿಂತ ಹೆಚ್ಚು ಜೀವಂತವಾಗಿ ಕಾಣುತ್ತದೆ. ತಂತಿ ಎಳೆಯುವವರು, ಬಳೆ ಮಾಡುವವರು, ಮರ ಕಡೆಯುವವರು, ರೇಷ್ಮೆಯವರು, ಮಾಲನ್ನು ಘಟ್ಟದ ಕೆಳಗೆ ಒಯ್ಯುವವರು, ಎಲ್ಲ ಒಂದೇ ಪೇಟೆಯಲ್ಲಿ.

ಹೊರದೇಶದ ಪ್ರಭಾವ ಇರಲೇ ಇಲ್ಲವೇ? ಇತ್ತು. ಅದು ಬಂದದ್ದು ಪೂರ್ವದಿಂದ, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ. ಚನ್ನಪಟ್ಟಣದವರು ತಮ್ಮ ಕಸುಬಿನ ಪಿತಾಮಹ ಎಂದು ಕರೆಯುವ ಬಾವಾಸ್ ಮಿಯಾನ್ ಜಪಾನಿನ ಬೊಂಬೆ ತಯಾರಿಕೆಯ ವಿಧಾನಗಳನ್ನು ಇಲ್ಲಿಗೆ ಅಳವಡಿಸಿ, ಕಲಿತದ್ದನ್ನು ತನ್ನ ಬಳಿ ಮುಚ್ಚಿಟ್ಟುಕೊಳ್ಳದೆ ಊರಿನ ಇತರ ಕಸುಬುದಾರರಿಗೂ ಹೇಳಿಕೊಟ್ಟವರು. ಆ ಕಾಲದ ಮೈಸೂರಿಗೆ ಜಪಾನ್ ಒಂದು ಮಾದರಿಯಾಗಿತ್ತು. ಜೆಮ್ಶೆಟ್‌ಜಿ ಟಾಟಾ ಜಪಾನೀಯರ ನೆರವಿನಿಂದ ಬೆಂಗಳೂರಿನಲ್ಲಿ ರೇಷ್ಮೆ ಫಾರಂ ತೆರೆದಿದ್ದರು. ವಿಶ್ವೇಶ್ವರಯ್ಯನವರು ದಿವಾನರಾಗುವ ಮುಂಚೆ, 1898ರಲ್ಲೇ, ಜಪಾನ್ ನೋಡಿ ಬಂದಿದ್ದರು. ಮರವನ್ನು ಕಡೆದು ಬೊಂಬೆ ಮತ್ತು ‘ಕೋಮಾ’ ಎಂಬ ಬುಗುರಿ ಮಾಡುವುದರಲ್ಲಿ ಜಪಾನಿನ ಬೆಟ್ಟದ ಊರುಗಳ ಕಸುಬುದಾರರು ಎತ್ತಿದ ಕೈ. ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ ಉತ್ಪಾದನೆ ಶುರುವಾಗಿ, ಮುಂದೆ ಹಂತಹಂತವಾಗಿ ಪಟ್ಟಣಗಳಿಗೆ ಬಂದಾಗ ಕಮಾನಿನ ಜಾಗಕ್ಕೆ ಮೋಟಾರು ಬರುವ ದಾರಿ ತೆರೆಯಿತು. ಮರ ಒಂದೇ ದಿಕ್ಕಿಗೆ ಬಿಡುವಿಲ್ಲದೆ ತಿರುಗತೊಡಗಿದಾಗ ಕಸುಬುದಾರನ ಎರಡು ಕೈಗಳೂ ಉಳಿಗೆ ಸಿಕ್ಕವು, ಅರಗು ಹೆಚ್ಚು ಸಮವಾಗಿ ಹರಡಿತು. ಹಿಡಿಯ ತೂತಿಗೆ ಕಡ್ಡಿ ಸರಿಯಾಗಿ ಕೂರುವಂಥ ಬುಗುರಿಯನ್ನು ಡಜನುಗಟ್ಟಲೆ ಒಂದೇ ಅಳತೆಯಲ್ಲಿ ಮಾಡುವುದು ಆಗಲೇ ಸುಲಭವಾಗಿದ್ದು.

ಇಲ್ಲೊಂದು ಸೂಕ್ಷ್ಮವಿದೆ. ದೂರದಿಂದ ಬಂದವರು ಕಲಿಸಿದರು ಎಂಬ ಕಥೆಗೂ, ಈ ಊರಿನವನೊಬ್ಬ ದೂರದ್ದನ್ನು ಕಲಿತು ತಂದ ಎಂಬ ಕಥೆಗೂ ಬಹಳ ಅಂತರವಿದೆ. ಮೊದಲನೆಯದರಲ್ಲಿ ಕುಶಲತೆ ಹೊರಗಿನದು. ಮುಸ್ಲಿಂ ಕಸುಬುದಾರ ಕನ್ನಡ ನೆಲದ ಅತಿಥಿ. ಯಾರಿಗಾದರೂ ಮನಸ್ಸಾದ ದಿನ ಆ ಅತಿಥಿಯನ್ನು ಹೊರಟುಹೋಗು ಎನ್ನಬಹುದು. ನಾವು ಅಭಿಮಾನದಿಂದ ಹೇಳಿಕೊಂಡ ಪರ್ಷಿಯಾವೇ ನಮ್ಮನ್ನು ಪರಕೀಯರೆನ್ನುವವರ ಕೈಗೆ ಸಿಗುವ ಸಾಕ್ಷಿಯಾಗುತ್ತದೆ. ಇದು ಬರೀ ತರ್ಕವಲ್ಲ. ಟಿಪ್ಪು ಜಯಂತಿಯನ್ನು 2015ರಲ್ಲಿ ಸರಕಾರ ಆರಂಭಿಸಿ 2019ರಲ್ಲಿ ಇನ್ನೊಂದು ಸರಕಾರ ರದ್ದುಮಾಡಿತು. ಆ ವರ್ಷಗಳಲ್ಲಿ ಆತನ ಹೆಸರಿಗೆ ಜೋಡಿಸಿದ ಪ್ರತಿಯೊಂದೂ ಜಗಳದ ವಸ್ತುವಾಯಿತು. 2022ರ ಮಾರ್ಚಿನಲ್ಲಿ ರಾಜ್ಯದ ಹಲವು ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಅಂಗಡಿ ಹಾಕಲು ಬಿಡಬಾರದೆಂದು ಫಲಕಗಳು ಎದ್ದವು. ಬುಗುರಿ ಮಾರಾಟವಾಗುವುದೇ ಜಾತ್ರೆಯಲ್ಲಿ. ದಸರಾ ಬೊಂಬೆ ಕೂರಿಸುವ ಮನೆಗಳಿಗೆ ಬೊಂಬೆ ಕಡೆದುಕೊಟ್ಟ ಕೈಗಳು ಯಾವುವು ಎಂದು ಆ ಫಲಕ ಕಟ್ಟಿದವರು ಯೋಚಿಸಿದ್ದರೋ ಇಲ್ಲವೋ.

ಚನ್ನಪಟ್ಟಣದ ಒಂದು ಓಣಿಯಲ್ಲಿ ಹಿರಿಯ ಕಸುಬುದಾರರೊಬ್ಬರ ಎದುರು ನಾವು ಅರ್ಧ ದಿನ ಕುಳಿತಿದ್ದೆವು. ಚಾಚಾ ಎಂದೇ ಎಲ್ಲರೂ ಅವರನ್ನು ಕರೆಯುತ್ತಿದ್ದರು, ನಾವೂ ಹಾಗೆಯೇ ಕರೆದೆವು. ನಗರದ ಕಂಪೆನಿಯೊಂದು ಕಂಪ್ಯೂಟರಿನಲ್ಲಿ ಬರೆದು ಕಳಿಸಿದ ಬುಗುರಿಯ ಚಿತ್ರ ಅವರ ಮುಂದಿತ್ತು. ಚಿತ್ರದಲ್ಲಿ ಬುಗುರಿ ಬಹಳ ಚೆಂದವಿತ್ತು. ಎತ್ತರದ ಹೊಟ್ಟೆ, ಕಡಲೆಕಾಯಿಯಂಥ ನಡು, ಚೂಪು ತುದಿ. ಚಾಚಾ ಅದರಂತೆಯೇ ಒಂದನ್ನು ಕಡೆದು, ದಾರ ಸುತ್ತಿ ಎಳೆದು ತೋರಿಸಿದರು. ಅದು ನಾಲ್ಕು ಸುತ್ತು ಓಲಾಡಿ ಮಗುಚಿತು. ಆಮೇಲೆ ಅವರು ಹೊಟ್ಟೆಯನ್ನು ಕೆಳಗಿಳಿಸಿ, ಅಂಚನ್ನು ಸ್ವಲ್ಪ ಅಗಲಿಸಿ, ತುದಿಯನ್ನು ಗುಂಡಗೆ ಮಾಡಿ ಇನ್ನೊಂದನ್ನು ಕಡೆದರು. ಅದು ನಾವು ಚಹಾ ಲೋಟ ಕೆಳಗಿಡುವವರೆಗೂ ತಿರುಗುತ್ತಲೇ ಇತ್ತು. ಹೀಗೆ ತಿದ್ದಿದ ಮಾದರಿ ಮತ್ತೆ ಕಂಪೆನಿಗೆ ಹೋಗುತ್ತದೆ, ಅಲ್ಲಿಂದ ಕ್ಯಾಟಲಾಗಿಗೆ. ಅದರಲ್ಲಿ ವಿನ್ಯಾಸಕಾರರ ಹೆಸರು ಇರುತ್ತದೆ. ತಮ್ಮ ಹೆಸರು ಇರಬೇಕಿತ್ತೇ ಎಂದು ನಾವು ಕೇಳಿದ್ದಕ್ಕೆ ಚಾಚಾ ನಕ್ಕರು, ಒಂದಕ್ಕೆ ಎಷ್ಟು ಕೊಡುತ್ತಾರೆ ಎಂಬ ವಿಷಯಕ್ಕೆ ಮಾತು ತಿರುಗಿಸಿದರು. ತಿದ್ದಿದ ಗಂಟೆಗಳಿಗೆ ಬೇರೆ ಕೂಲಿಯಿಲ್ಲ.

ಆ ಕಾರ್ಖಾನೆಯಲ್ಲಿ ಬಣ್ಣ ಹಚ್ಚುವ, ದಾರ ಪೋಣಿಸುವ, ಡಬ್ಬಿ ತುಂಬುವ ಕೆಲಸದಲ್ಲಿ ಹೆಂಗಸರೇ ಹೆಚ್ಚು. ಲೇತಿನ ಮುಂದೆಯೂ ಇಬ್ಬರು ಕುಳಿತಿದ್ದರು. ಒಂದು ಕಾಲಕ್ಕೆ ಬಹುಪಾಲು ಮುಸ್ಲಿಮರದ್ದಾಗಿದ್ದ ಈ ಕಸುಬಿನಲ್ಲಿ ಈಗ ಎಲ್ಲ ಜಾತಿಯವರೂ ಇದ್ದಾರೆ. ಚಾಚಾರ ಬಳಿ ಕಲಿತು ಬೇರೆ ಲೇತ್ ಹಾಕಿಕೊಂಡವರಲ್ಲಿ ಅಕ್ಕಪಕ್ಕದ ಹಳ್ಳಿಗಳ ಹಿಂದೂ ಹುಡುಗರಿದ್ದಾರೆ. ಅವರೂ ಇವರನ್ನು ಚಾಚಾ ಎಂದೇ ಕರೆಯುವುದು.

ಮಾರುಕಟ್ಟೆಯ ಕಥೆಯನ್ನು ಚಿಕ್ಕದಾಗಿ ಹೇಳಿಬಿಡೋಣ. 2001ರಲ್ಲಿ ಆಮದಿನ ಪ್ರಮಾಣದ ನಿರ್ಬಂಧಗಳು ಹೋದ ಮೇಲೆ ಚೀನಾದ ಪ್ಲಾಸ್ಟಿಕ್ ಆಟಿಕೆಗಳು ಹಳ್ಳಿಯ ಸಂತೆಗೂ ಬಂದವು. ಬೆಳಕು ಮಿನುಗಿ ಹಾಡುವ ಪ್ಲಾಸ್ಟಿಕ್ ಬುಗುರಿಯ ಮುಂದೆ ಮರದ ಬುಗುರಿ ಮಂಕಾಯಿತು. 2007ರಲ್ಲಿ ಚೀನಾದಲ್ಲಿ ತಯಾರಾದ ಆಟಿಕೆಗಳ ಬಣ್ಣದಲ್ಲಿ ಸೀಸ ಸಿಕ್ಕಿ ಅಮೆರಿಕದ ದೊಡ್ಡ ಕಂಪೆನಿಗಳೇ ಮಾಲು ಹಿಂಪಡೆದವು. 2009ರ ಜನವರಿಯಲ್ಲಿ ಭಾರತ ಚೀನಾ ಆಟಿಕೆಗಳನ್ನು ಆರು ತಿಂಗಳ ಮಟ್ಟಿಗೆ ನಿಷೇಧಿಸಿತು. ಆಗ ಅರಿಸಿನ, ನೀಲಿಯಂಥ ಸಸ್ಯಬಣ್ಣದ ಚನ್ನಪಟ್ಟಣದ ಬೊಂಬೆಗಳಿಗೆ ಪೇಟೆಯವರ ಗಮನ ಬಂತು. ಆಟಿಕೆಗಳ ಮೇಲಿನ ಆಮದು ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ ಶೇ. 70ಕ್ಕೆ ಏರಿತು. 2021ರ ಜನವರಿಯಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾದಾಗ ನೋಂದಾಯಿತ ಕರಕುಶಲಿಗರ ಮಾಲಿಗೂ ಭೌಗೋಳಿಕ ಸೂಚಿಯ ಆಟಿಕೆಗಳಿಗೂ ವಿನಾಯಿತಿ ಕೊಟ್ಟದ್ದು ಒಳ್ಳೆಯದಾಯಿತು. ಇಲ್ಲವಾದರೆ ಒಂದು ಲೇತಿನ ಮನೆಗಳು ಪರೀಕ್ಷೆಯ ಖರ್ಚಿಗೇ ಮುಚ್ಚಬೇಕಾಗುತ್ತಿತ್ತು.

ಆ ಭೌಗೋಳಿಕ ಸೂಚಿ ಚನ್ನಪಟ್ಟಣದ ಬೊಂಬೆಗಳಿಗೆ ಸಿಕ್ಕಿದ್ದು 2005-06ರಲ್ಲಿ. ಅದು ಕಾಪಾಡುವುದು ಊರಿನ ಹೆಸರನ್ನು. ಬೇರೆ ಕಡೆ ಮಾಡಿ ಚನ್ನಪಟ್ಟಣದ್ದೆಂದು ಮಾರುವಂತಿಲ್ಲ. ಆದರೆ ಕಡ್ಡಿ ಎಷ್ಟು ದಪ್ಪವಿರಬೇಕು, ತುದಿ ಎಷ್ಟು ಗುಂಡಗಿರಬೇಕು, ಯಾವ ಭಾಗಕ್ಕೆ ಅರಗು ಹಚ್ಚಬಾರದು ಎಂಬ ತಿಳಿವಳಿಕೆಗೆ ಅದರಲ್ಲಿ ಜಾಗವಿಲ್ಲ. ಅದು ಚಾಚಾರಂಥವರ ಕೈಯಲ್ಲಿದೆ. ಆ ಕೈ ಯಾವ ದಾಖಲೆಯಲ್ಲೂ ಇಲ್ಲ. ಬಾವಾಸ್ ಮಿಯಾನರ ಹೆಸರಾದರೂ ಉಳಿಯಿತು. ಅವರ ಕಾಲದಲ್ಲಿ ದೊಡ್ಡ ತುಂಡುಗಳಿಗೆ ಎದುರು ಕುಳಿತು ದಿನವಿಡೀ ದಾರ ಎಳೆದವರು ಯಾರು? ಮನೆಯ ಹುಡುಗರೇ, ಹೆಂಡತಿಯರೇ, ಕೂಲಿಯವರೇ? ರಾಜನ ಬಗ್ಗೆ ವಾದ ಮಾಡುತ್ತಾ ನಾವು ಆ ಪ್ರಶ್ನೆಯನ್ನೇ ಕೇಳದೆ ಬಂದಿದ್ದೇವೆ.

ಮೋಟಾರು ಬರುವ ಮುಂಚಿನ ಕೆಲಸವನ್ನು ಕಣ್ಣಾರೆ ಕಂಡವರು, ಅಥವಾ ಕಂಡವರ ಬಾಯಿಂದ ಕೇಳಿದವರು ಆ ಊರಿನಲ್ಲಿ ಈಗಲೂ ಇದ್ದಾರೆ. ಅವರ ಮಾತನ್ನು ದಾಖಲಿಸುವುದಕ್ಕೆ ವಿಶ್ವವಿದ್ಯಾಲಯವೇ ಬರಬೇಕೆಂದಿಲ್ಲ. ಊರಿನ ಕಾಲೇಜಿನ ಇಬ್ಬರು ವಿದ್ಯಾರ್ಥಿಗಳು, ಒಂದು ಮೊಬೈಲ್ ಸಾಕು. ಡಬ್ಬಿಯೊಳಗಿನ ಚೀಟಿಯನ್ನೂ ಬದಲಿಸಬಹುದು. ಮರ ಹಾಲೆ, ಬಣ್ಣ ಅರಗಿನದು, ಇದನ್ನು ಕಡೆದವರು ಇಂಥವರು, ಬಣ್ಣ ಹಚ್ಚಿದವರು ಇಂಥವರು, ದಾರ ಪೋಣಿಸಿದವರು ಇಂಥವರು, ಊರು ಚನ್ನಪಟ್ಟಣ. ಟಿಪ್ಪುವಿನ ಮಾತು ಇರಲೇಬೇಕೆಂದರೆ, ಊರಿನಲ್ಲಿ ಹೀಗೂ ಹೇಳುತ್ತಾರೆ ಎಂದು ಕೊನೆಯಲ್ಲಿ ಒಂದು ಸಾಲು ಸೇರಿಸಿದರಾಯಿತು.